ಎಸಿ ಪಂಪು ಬಿಚ್ಚುವ ಮುಂಚೆ

ಏರಿನ ಅರ್ಧದಲ್ಲಿ ಜೀಪು ಒಂದು ಜರ್ಕ್ ಹೊಡೆಯಿತು. ಸ್ವಲ್ಪ ಎಳೆಯಿತು. ಮತ್ತೊಂದು ಜರ್ಕ್ ಹೊಡೆದು ನಿಂತೇ ಹೋಯಿತು. ಹಿಂದೆ ಟ್ರೈಲರ್ ತುಂಬ ಸ್ಪ್ರಿಂಕ್ಲರ್ ಪೈಪು. ಮಾರ್ಚ್ ಕೊನೆಯ ವಾರ, ಕಾಫಿ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿರಲಿಲ್ಲ. ಕೆರೆಯಿಂದ ಮೇಲಿನ ಪಟ್ಟೆಗೆ ಆ ದಿನವೇ ನೀರು ಹಾಯಿಸಬೇಕಿತ್ತು. ಚಕ್ರಕ್ಕೆ ಕಲ್ಲು ಕೊಟ್ಟು ಕಾಲು ಗಂಟೆ ಕೂತೆವು. ಆಮೇಲೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಯಿತು. ಇನ್ನೂರು ಮೀಟರ್ ಹೋಗಿ ಮತ್ತೆ ನಿಂತಿತು.

ಎಲ್ಲರೂ ಒಂದೇ ಮಾತು ಹೇಳಿದರು. "ಎಸಿ ಪಂಪು ಹೋಗಿದೆ, ಬದಲಾಯಿಸಿ." ಟ್ಯಾಂಕಿನಿಂದ ಪೆಟ್ರೋಲ್ ಎಳೆದು, ಅದನ್ನು ಗಾಳಿ ಜೊತೆ ಬೆರೆಸುವ ಕಾರ್ಬರೇಟರ್‌ಗೆ ಕಳಿಸುವ ಪಂಪು ಅದು. ಬೆಂಗಳೂರಿನ ಒಂದು ಅಂಗಡಿಯಿಂದ ಹೊಸ ಪಂಪು ತರಿಸಿದೆ. ಹಾಕಿದರೂ ಅದೇ ಕತೆ. ಪಂಪೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ತರಿಸಿದೆ. ಅದೂ ಹಾಗೇ. ಕೊನೆಗೆ ಮೂಡಿಗೆರೆಯ ಮೇಸ್ತ್ರಿ ತೋಟಕ್ಕೇ ಬಂದರು. ಅಪ್ಪಯ್ಯನ ಕಾಲದಿಂದ ನಮ್ಮ ಜೀಪು ನೋಡಿದವರು ಅವರು. ಪಂಪನ್ನು ಮುಟ್ಟಲೇ ಇಲ್ಲ. ಟ್ಯಾಂಕಿನಿಂದ ಬರುವ ಪೈಪಿನ ಉದ್ದಕ್ಕೂ ಬೆರಳು ಆಡಿಸುತ್ತಾ ಹೋದರು. ಚಾಸಿಸ್ ಪಕ್ಕದ ರಬ್ಬರ್ ಹೋಸಿನ ಹತ್ತಿರ ನಿಂತರು. ಕ್ಲಿಪ್ಪು ಸಡಿಲಿಸಿ, ಹೋಸನ್ನು ಬಗ್ಗಿಸಿ ನನಗೆ ತೋರಿಸಿದರು. ಕ್ಲಿಪ್ಪಿನ ಅಡಿಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. "ನೋಡು ತಂಗಿ, ಪಂಪು ಪೆಟ್ರೋಲ್ ಎಳೀತಿಲ್ಲ, ಗಾಳಿ ಕುಡೀತಿದೆ" ಅಂದರು.

ಈ ಬರಹ ಅದಕ್ಕೇ. ಪಂಪು ಬಿಚ್ಚುವ ಮುಂಚೆ ಏನೇನು ನೋಡಬೇಕು, ನಿಜವಾಗಿ ಪಂಪೇ ಹೋಗಿದ್ದರೆ ಹೇಗೆ ಗೊತ್ತಾಗುತ್ತದೆ, ಬಿಚ್ಚಿದ ಮೇಲೆ ಹೇಗೆ ಜೋಡಿಸಬೇಕು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಮ್ಮದು ಮಹೀಂದ್ರ ಸಿಜೆ 3ಬಿ, ಬಾನೆಟ್ ಎತ್ತರ ಇರುವ ಜೀಪು. ಒಳಗಿರುವುದು ಹರಿಕೇನ್ ಪೆಟ್ರೋಲ್ ಎಂಜಿನ್, 2.2 ಲೀಟರ್, ನಾಲ್ಕು ಸಿಲಿಂಡರ್. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಹೀಗೆ ಎಂಜಿನ್ ಎತ್ತರವಾಗಿದ್ದರಿಂದಲೇ ಈ ಜೀಪನ್ನು ಮೊದಲು ಮಾಡಿದ ಅಮೆರಿಕದ ವಿಲ್ಲೀಸ್ ಕಂಪನಿಯವರು 1953ರಲ್ಲಿ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮ ಕಡೆ ತೋಟದ ಜೀಪುಗಳಿಗೆ ಬಹಳ ಜನ ಡೀಸೆಲ್ ಎಂಜಿನ್ ಕೂರಿಸಿಬಿಟ್ಟರು. ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರು ಕಡಿಮೆ. ಉಳಿಸಿಕೊಂಡವರಿಗೆ ಈ ಪಂಪಿನ ವಿಷಯ ಗೊತ್ತಿರಲೇಬೇಕು. ಹಳೆಯ ಅಂಬಾಸಡರ್, ಫಿಯಟ್ ಇಟ್ಟುಕೊಂಡವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಪಂಪು ಕೆಲಸ ಮಾಡುವ ಬಗೆ

ಬ್ಲಾಕಿನ ಎಡಗಡೆ ಪಕ್ಕದಲ್ಲಿ ಎರಡು ಬೋಲ್ಟಿನಲ್ಲಿ ಪಂಪು ಕೂತಿರುತ್ತದೆ. ಅದರ ಒಂದು ತೋಳು ಎಂಜಿನ್ ಒಳಗೆ ಹೋಗಿ, ಅಲ್ಲಿ ತಿರುಗುವ ಉಬ್ಬುಗಳಿರುವ ಕ್ಯಾಮ್ ಶಾಫ್ಟಿಗೆ ಒರಗಿರುತ್ತದೆ. ಕ್ಯಾಮಿನ ಉಬ್ಬು ತೋಳನ್ನು ತಳ್ಳಿದಾಗ ಪಂಪಿನೊಳಗಿನ ಡಯಾಫ್ರಮ್, ಅಂದರೆ ಬಗ್ಗುವ ತೆಳು ಪೊರೆ, ಕೆಳಗೆ ಜಗ್ಗುತ್ತದೆ. ಆಗ ಒಳಗೆ ಬರುವ ವಾಲ್ವ್ ತೆರೆದು ಟ್ಯಾಂಕಿನಿಂದ ಪೆಟ್ರೋಲ್ ಬರುತ್ತದೆ. ಉಬ್ಬು ದಾಟಿದ ಮೇಲೆ ಡಯಾಫ್ರಮ್ಮನ್ನು ಮೇಲಕ್ಕೆ ದೂಡುವುದು ಕ್ಯಾಮ್ ಅಲ್ಲ, ಅದರ ಕೆಳಗಿನ ಸ್ಪ್ರಿಂಗು. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಎಳೆಯುವುದು ಎಂಜಿನ್, ಕಳಿಸುವುದು ಸ್ಪ್ರಿಂಗು. ಕಾರ್ಬರೇಟರ್‌ಗೆ ಎಷ್ಟು ಒತ್ತಡದಲ್ಲಿ ಪೆಟ್ರೋಲ್ ಹೋಗುತ್ತದೆ ಅನ್ನುವುದನ್ನು ಆ ಸ್ಪ್ರಿಂಗೇ ನಿರ್ಧರಿಸುತ್ತದೆ. ಈ ಎಂಜಿನ್ನಿಗೆ ಅದು ಎರಡೂವರೆಯಿಂದ ಮೂರು ಮುಕ್ಕಾಲು ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ).

ಕಾರ್ಬರೇಟರ್ ತುಂಬಿ, ಪೆಟ್ರೋಲ್ ಒಳಗೆ ಬಿಡುವ ಅದರ ನೀಡಲ್ ವಾಲ್ವ್ ಮುಚ್ಚಿಕೊಂಡರೆ ಪೆಟ್ರೋಲ್ ಹೋಗಲು ಜಾಗ ಇಲ್ಲ. ಆಗ ಡಯಾಫ್ರಮ್ ಕೆಳಗೇ ನಿಲ್ಲುತ್ತದೆ, ತೋಳು ಮಾತ್ರ ಸುಮ್ನೆ ಆಡುತ್ತಿರುತ್ತದೆ. ಕ್ಯಾಮ್ ಶಾಫ್ಟ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ ಎರಡು ಸುತ್ತು ತಿರುಗಿದರೆ ಪಂಪು ಒಂದು ಸಲ ಹೊಡೆಯುತ್ತದೆ. ಹ್ಯಾಂಡಲ್ ಹೊಡೆದು ಪರೀಕ್ಷೆ ಮಾಡುವಾಗ ಈ ಲೆಕ್ಕ ನೆನಪಿರಲಿ. ಒಂದು ಸುತ್ತಿಗೆ ಏನೂ ಬರಲಿಲ್ಲ ಅಂತ ಗಾಬರಿ ಬೇಡ.

ಮೊದಲು ಜಾಗ್ರತೆ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿಡಿ, ಸೆಲ್ಫ್ ಹೊಡೆಯುವ ಪರೀಕ್ಷೆ ಬಂದಾಗ ಮಾತ್ರ ಹಾಕಿ. ಶೆಡ್ಡಿನೊಳಗೆ ಬೇಡ, ಬಯಲಿನಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಪಕ್ಕದ ಬಚ್ಚಲೊಲೆಯಲ್ಲಿ ಬೆಂಕಿ ಇದ್ದರೂ ಅಪಾಯವೇ. ಕೈಗೆ ಸಿಗುವ ಹಾಗೆ ಅಗ್ನಿಶಾಮಕ ಸಿಲಿಂಡರ್ ಇರಲಿ, ಅದು ಇಲ್ಲದಿದ್ದರೆ ಒಂದು ಬಕೆಟ್ ಒಣ ಮರಳಾದರೂ ಇರಲಿ. ಬೀಡಿ ಸೇದುವವರು ಯಾರಿದ್ದರೂ, ಎಷ್ಟೇ ದೊಡ್ಡವರಿದ್ದರೂ ದೂರ ಕಳಿಸಿ. ನಾನು ಕಳಿಸುತ್ತೇನೆ.

ಸ್ಪಾರ್ಕ್ ನೋಡದೆ ಪೆಟ್ರೋಲಿಗೆ ಕೈ ಹಾಕಬೇಡಿ

ಬಿಸಿಯಾದ ಮೇಲೆ ನಿಲ್ಲುವುದು, ಆರಿದ ಮೇಲೆ ಸ್ಟಾರ್ಟ್ ಆಗುವುದು ಪೆಟ್ರೋಲ್ ಸಮಸ್ಯೆಯ ಲಕ್ಷಣ ಮಾತ್ರ ಅಲ್ಲ. ಕಿಡಿ ಹುಟ್ಟಿಸುವ ಕಡೆಯ ಕಂಡೆನ್ಸರ್ ಕೆಟ್ಟರೂ, ಕಾಯಿಲ್ ಕೆಟ್ಟರೂ ಇದೇ ಥರ ಆಗುತ್ತದೆ. ಜೀಪು ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ಬ್ಲಾಕಿಗೆ ತಾಗಿಸಿ, ಸೆಲ್ಫ್ ಹೊಡೆಸಿ ನೋಡಿ. ನೀಲಿ ಕಿಡಿ ಚಟ್ ಚಟ್ ಅಂತ ಬಂದರೆ ಪೆಟ್ರೋಲ್ ಕಡೆ ಹೋಗಿ. ಮಂಕಾಗಿ ಹಳದಿ ಕಿಡಿ ಬಂದರೆ ಪಂಪಿನ ತಂಟೆಗೆ ಹೋಗಬೇಡಿ. ನಿಂತ ಕ್ಷಣದಲ್ಲೇ ನೋಡಬೇಕು, ಆರಿದ ಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕಾರ್ಬರೇಟರ್ ಸುತ್ತ ಪೆಟ್ರೋಲ್ ಒದ್ದೆ ಇದ್ದರೆ ಮಾತ್ರ ಈ ಪರೀಕ್ಷೆ ಬೇಡ.

ಜೊತೆಗೆ ಏರ್ ಕ್ಲೀನರ್ ಪೈಪು ತೆಗೆದು ಕಾರ್ಬರೇಟರ್ ಬಾಯಿಯೊಳಗೆ ಕಣ್ಣು ಹಾಕಿ. ಎಂಜಿನ್ ಬಂದ್ ಇರಬೇಕು. ಆಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ಒಮ್ಮೆ ಎಳೆದರೆ ಒಳಗೆ ಸಣ್ಣ ಪೆಟ್ರೋಲ್ ಚಿಲುಮೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬರೇಟರ್‌ನಲ್ಲಿ ಪೆಟ್ರೋಲ್ ಇದೆ, ಪಂಪು ಕಳಿಸಿದೆ. ಚಿಮ್ಮದಿದ್ದರೆ ಮುಂದೆ ಓದಿ.

ಟ್ಯಾಂಕಿನಿಂದ ಪಂಪಿನವರೆಗೆ

ಟ್ಯಾಂಕ್ ಸೀಟಿನ ಕೆಳಗೆ. ಜೀಪು ನಿಂತಾಗ ಮೊದಲು ಟ್ಯಾಂಕ್ ಮುಚ್ಚಳ ತಿರುಗಿಸಿ, ಕಿವಿ ಕೊಡಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪಂಪು ಎಷ್ಟು ಎಳೆದರೂ ಬರುವುದಿಲ್ಲ. ನಮ್ಮ ಕಡೆ ಆ ತೂತಿನಲ್ಲಿ ಕೆಮ್ಮಣ್ಣು ಕೂತು ಗಟ್ಟಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ತೆಳು ತಂತಿಯಲ್ಲಿ ಬಿಡಿಸಿದರೆ ಸಾಕು. ಕೆಲವರು ಮುಚ್ಚಳ ಕಳೆದುಹೋಯಿತು ಅಂತ ತೂತೇ ಇಲ್ಲದ ಬೇರೆ ಮುಚ್ಚಳ ಹಾಕಿರುತ್ತಾರೆ. ಅದನ್ನೂ ನೋಡಿ.

ಆಮೇಲೆ ಪಂಪಿನ ಗಾಜಿನ ಬಟ್ಟಲು. ಇದು ಆ ಕಾಲದವರು ಮಾಡಿಟ್ಟ ಒಳ್ಳೆಯ ಏರ್ಪಾಡು. ಪೆಟ್ರೋಲ್ ಒಳಗೆ ಬರುವುದು ಕಣ್ಣಿಗೆ ಕಾಣುತ್ತದೆ. ಬಟ್ಟಲಿನ ತಳದಲ್ಲಿ ಕೆಂಪು ಪುಡಿ ಇದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ತಳದಲ್ಲಿ ಬೇರೆಯೇ ಒಂದು ಪದರ ನಿಂತಿದ್ದರೆ, ಬಟ್ಟಲು ಅಲ್ಲಾಡಿಸಿದಾಗ ಅದು ಗುಂಡಗೆ ಉರುಳಿದರೆ, ಅದು ನೀರು. ತಂತಿ ಕ್ಲಿಪ್ಪು ಸಡಿಲಿಸಿ ಬಟ್ಟಲು ತೆಗೆದು ತೊಳೆಯಿರಿ. ಮೇಲಿನ ಜಾಲರಿಯನ್ನು ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿ. ಬಟ್ಟಲಿನ ಪ್ಯಾಕಿಂಗ್ ಹಳೆಯ ಕಾರ್ಕ್ ಆಗಿದ್ದರೆ ಒಣಗಿ ಕುಗ್ಗಿರುತ್ತದೆ. ತೆಗೆದ ಮೇಲೆ ಅದನ್ನೇ ಮತ್ತೆ ಹಾಕಬೇಡಿ. ಹೊಸದು ಹಾಕಿ. ಪ್ಯಾಕಿಂಗ್‌ಗೆ ಶೆಲ್ಯಾಕ್ ಬಳಿದು ಕೂರಿಸುವ ಅಭ್ಯಾಸ ಕೆಲವು ಗ್ಯಾರೇಜಿನಲ್ಲಿದೆ, ನನಗೆ ಅದು ಇಷ್ಟ ಇಲ್ಲ. ಚೂರು ಎದ್ದು ವಾಲ್ವಿನೊಳಗೆ ಸಿಕ್ಕಿಕೊಳ್ಳುತ್ತದೆ.

ಈಗ ಮುಖ್ಯವಾದ ನೋಟ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ಬಟ್ಟಲನ್ನೇ ನೋಡುತ್ತಾ ನಿಲ್ಲಿ. ಫ್ಯಾನಿಗೆ ಸೆರಗು, ಶಾಲು ಸಿಗದ ಹಾಗೆ ಕಟ್ಟಿಕೊಳ್ಳಿ. ಪೆಟ್ರೋಲ್ ಅಲುಗುತ್ತಾ ತುಂಬಿಕೊಂಡೇ ಇರಬೇಕು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಪಂಪಿನಿಂದ ಕಾರ್ಬರೇಟರ್ ಕಡೆ ಲೀಕ್ ಇದ್ದರೆ ಪೆಟ್ರೋಲ್ ಹೊರಗೆ ಬರುತ್ತದೆ, ಕಣ್ಣಿಗೆ ಬೀಳುತ್ತದೆ, ವಾಸನೆ ಬರುತ್ತದೆ. ಟ್ಯಾಂಕಿನಿಂದ ಪಂಪಿನ ಕಡೆ ಲೀಕ್ ಇದ್ದರೆ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಇರುವುದಿಲ್ಲ. ನನ್ನ ಎರಡು ಹೊಸ ಪಂಪುಗಳ ದುಡ್ಡು ಹೋಗಿದ್ದು ಅಲ್ಲೇ. ಬಯಲಿನಲ್ಲಿ ನಿಧಾನ ಹೋಗುವಾಗ ಅಷ್ಟು ಗಾಳಿ ಸೇರಿದರೂ ಜೀಪು ನಡೆಯುತ್ತದೆ. ಏರಿನಲ್ಲಿ ಟ್ರೈಲರ್ ಎಳೆಯುವಾಗ ಪೆಟ್ರೋಲ್ ಜಾಸ್ತಿ ಬೇಕು, ಆಗ ಸಾಲುವುದಿಲ್ಲ.

ಗಾಳಿ ಎಲ್ಲಿಂದ ಸೇರುತ್ತಿದೆ ಅಂತ ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಪಂಪಿಗೆ ಬರುವ ಪೈಪು ಬಿಚ್ಚಿ. ಟ್ಯಾಂಕ್ ತುಂಬಿದ್ದರೆ ಅಲ್ಲಿಂದ ಪೆಟ್ರೋಲ್ ಸುರಿಯಬಹುದು, ತುದಿಗೆ ಪೆನ್ಸಿಲ್ ತುಂಡು ತುರುಕಿ. ಪಂಪಿನ ಬಾಯಿಗೆ ಹೊಸ ಹೋಸ್ ಹಾಕಿ, ಅದರ ಇನ್ನೊಂದು ತುದಿಯನ್ನು ಪಂಪಿಗಿಂತ ಕೆಳಗೆ ಇಟ್ಟ ಪೆಟ್ರೋಲ್ ಕ್ಯಾನಿನಲ್ಲಿ ಮುಳುಗಿಸಿ. ಎಕ್ಸಾಸ್ಟ್ ಪೈಪಿನಿಂದ ಕ್ಯಾನ್ ದೂರ ಇರಲಿ. ಎಂಜಿನ್ ಓಡಿಸಿ. ಗುಳ್ಳೆ ನಿಂತರೆ ಪಂಪು ನಿರಪರಾಧಿ, ತಪ್ಪು ಹಿಂದಿನ ಪೈಪಿನಲ್ಲಿದೆ. ಗುಳ್ಳೆ ಹಾಗೇ ಇದ್ದರೆ ಬಟ್ಟಲಿನ ಪ್ಯಾಕಿಂಗ್ ಅಥವಾ ಪಂಪು.

ಪೈಪಿನ ತಪ್ಪಾದರೆ ರಬ್ಬರ್ ಹೋಸ್ ಅಷ್ಟನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಬಿರುಕು ಬಿಟ್ಟಿದೆ ಅಂದರೆ ಉಳಿದದ್ದೂ ಅದೇ ವಯಸ್ಸಿನದು. ಕ್ಲಿಪ್ಪಿನ ಅಡಿ, ಬಾಗಿದ ಜಾಗ, ಚಾಸಿಸ್‌ಗೆ ಉಜ್ಜುವ ಜಾಗ ಈ ಮೂರನ್ನು ಬೆರಳಿನಲ್ಲಿ ಒತ್ತಿ ನೋಡಿ. ತಾಮ್ರದ ಪೈಪಿನ ಬಾಯಿ ಅಗಲಿಸಿ ನಟ್ಟು ಬಿಗಿಯುವ ಕಡೆ ಟೆಫ್ಲಾನ್ ಟೇಪು ಸುತ್ತಲೇಬೇಡಿ. ಅಲ್ಲಿ ಲೀಕ್ ತಡೆಯುವುದು ನಟ್ಟಿನ ಥ್ರೆಡ್ ಅಲ್ಲ, ಬಾಯಿಯ ಲೋಹ ಲೋಹಕ್ಕೆ ಕೂರುವುದು. ಟೇಪಿನ ಎಳೆ ಮಾತ್ರ ವಾಲ್ವಿಗೆ ಹೋಗಿ ಸೇರುತ್ತದೆ.

ಲೂನಾ ಟ್ಯಾಂಕಿನ ಪರೀಕ್ಷೆ

ನಮ್ಮ ಶೆಡ್ಡಿನಲ್ಲಿ ಹಳೆಯ ಲೂನಾ ಮೊಪೆಡ್ಡಿನ ಟ್ಯಾಂಕ್ ಒಂದಿದೆ. ಕೆಳಗೆ ನಲ್ಲಿ ಇರುವುದರಿಂದ ಅನುಕೂಲ. ಅದಕ್ಕೆ ಅರ್ಧ ಲೀಟರ್ ಪೆಟ್ರೋಲ್ ಹಾಕಿ, ಎತ್ತಿದ ಬಾನೆಟ್ಟಿಗೆ ಗಟ್ಟಿಯಾಗಿ ಕಟ್ಟಿ, ಹೋಸನ್ನು ನೇರ ಕಾರ್ಬರೇಟರ್‌ಗೆ ಕೊಡುತ್ತೇನೆ. ಪಂಪಿನಿಂದ ಬರುವ ಪೈಪಿನ ತುದಿಯನ್ನು ಮುಚ್ಚದೆ ಒಂದು ಡಬ್ಬಿಗೆ ಬಿಡಬೇಕು. ಇಲ್ಲದಿದ್ದರೆ ಪಂಪು ಹೊಡೆದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಬೀಳುತ್ತದೆ. ಒಂದು ಮೀಟರ್ ಎತ್ತರದ ಪೆಟ್ರೋಲ್ ಕೊಡುವ ಒತ್ತಡ ಸುಮಾರು 1 ಪಿಎಸ್‌ಐ. ಬಾನೆಟ್ ಎತ್ತರಕ್ಕೆ ಅದಕ್ಕಿಂತ ಕಡಿಮೆಯೇ. ಆದರೂ ನಿಂತಲ್ಲೇ ಹತ್ತು ನಿಮಿಷ ಓಡಿಸಿ ನೋಡಲು ಧಾರಾಳ ಸಾಕು. ಹೀಗೆ ಓಡಿಸಿಯೂ ಎಂಜಿನ್ ನಿಂತರೆ ದೋಷ ಕಾರ್ಬರೇಟರ್‌ನಲ್ಲೋ ಕರೆಂಟಿನಲ್ಲೋ ಇದೆ. ಸೊಗಸಾಗಿ ಓಡಿದರೆ ದೋಷ ಪಂಪಿನಲ್ಲೋ ಅದರ ಹಿಂದೆಯೋ ಇದೆ. ಇದನ್ನು ಕಟ್ಟಿಕೊಂಡು ರಸ್ತೆಗೆ ಇಳಿಯಬೇಡಿ. ಸುಮ್ನೆ ನಿಂತು ನೋಡಲು ಮಾತ್ರ.

ಬೆರಳಿನಲ್ಲಿ ಪಂಪನ್ನು ಕೇಳುವುದು

ಪಂಪಿನ ಪಕ್ಕದಲ್ಲಿ ಕೈಯಿಂದ ಪೆಟ್ರೋಲ್ ಎತ್ತಲು ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಒತ್ತಿದಾಗ ಸ್ಪ್ರಿಂಗಿನ ಬಿಗಿ ಸಿಗಬೇಕು. ಸಡಿಲವಾಗಿ ಆಡಿದರೆ ಎರಡು ಅರ್ಥ. ಕ್ಯಾಮಿನ ಉಬ್ಬು ಆಗಲೇ ಡಯಾಫ್ರಮ್ಮನ್ನು ಕೆಳಗೆ ಹಿಡಿದಿರಬಹುದು. ಹ್ಯಾಂಡಲ್ ಹಾಕಿ ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಇಲ್ಲವೇ ಕಾರ್ಬರೇಟರ್ ತುಂಬಿರಬಹುದು, ಅದು ಒಳ್ಳೆಯ ಸೂಚನೆಯೇ. ಇದು ಗೊತ್ತಿಲ್ಲದೆ ಲಿವರ್ ಸಡಿಲ ಇದೆ, ಪಂಪು ಹೋಯಿತು ಅಂತ ಬಿಚ್ಚಿದವರು ಬಹಳ ಜನ ಇದ್ದಾರೆ.

ಈಗ ಪಂಪಿನ ಎರಡೂ ಪೈಪು ಬಿಚ್ಚಿ. ಪೆಟ್ರೋಲ್ ಒಳಗೆ ಬರುವ ಬಾಯಿಗೆ ಬೆರಳ ತುದಿ ಮುಚ್ಚಿ ಲಿವರ್ ನಾಲ್ಕು ಸಲ ಒತ್ತಿ. ಬೆರಳಿನ ಚರ್ಮವನ್ನು ಒಳಗೆ ಎಳೆದ ಹಾಗೆ ಆಗಬೇಕು. ಲಿವರ್ ಬಿಟ್ಟ ಮೇಲೂ ಆ ಎಳೆತ ಕೆಲವು ಸೆಕೆಂಡ್ ಹಿಡಿದಿರಬೇಕು. ಬೆರಳು ತೆಗೆದಾಗ ಪುಟ್ಟದಾಗಿ ಚಪ್ ಅನ್ನುತ್ತದೆ. ಎಳೆತ ಬಂದು ತಕ್ಷಣ ಕರಗಿದರೆ ಒಳ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎಳೆತವೇ ಇಲ್ಲದಿದ್ದರೆ ಡಯಾಫ್ರಮ್ ಹರಿದಿರಬಹುದು. ಆಮೇಲೆ ಹೊರಗೆ ಹೋಗುವ ಬಾಯಿ ಮುಚ್ಚಿ ಒತ್ತಿ. ಬೆರಳನ್ನು ಹೊರಗೆ ದೂಡಬೇಕು. ಬೆರಳು ಒಣಗಿದ್ದರೆ ಸರಿಯಾಗಿ ಗೊತ್ತಾಗುವುದಿಲ್ಲ, ಒಂದು ಹನಿ ಎಂಜಿನ್ ಆಯಿಲ್ ಹಚ್ಚಿಕೊಳ್ಳಿ. ಎರಡು ಮೂರು ಸಲ ಮಾಡಿದರೆ ಬೆರಳೇ ಗೇಜು ಆಗಿಬಿಡುತ್ತದೆ.

ಗೇಜು ಇದ್ದರೆ ಇನ್ನೂ ಒಳ್ಳೆಯದು. ಪಂಪು, ಕಾರ್ಬರೇಟರ್ ನಡುವೆ ಟಿ ಆಕಾರದ ಪೈಪು ತುಂಡು ಹಾಕಿ ಒತ್ತಡ ನೋಡಿ. ಎರಡೂವರೆಗಿಂತ ತುಂಬ ಕಡಿಮೆ ಇದ್ದರೆ ಸ್ಪ್ರಿಂಗು ಸೋತಿದೆ, ಇಲ್ಲವೇ ತೋಳು ಸವೆದಿದೆ. ನಾಲ್ಕು ದಾಟಿದರೆ ಅದೂ ತಪ್ಪು. ನಾನು ತರಿಸಿದ ಎರಡನೇ ಹೊಸ ಪಂಪಿನ ಸ್ಪ್ರಿಂಗು ವಿಪರೀತ ಗಟ್ಟಿ ಇತ್ತು. ಕಾರ್ಬರೇಟರ್ ನೀಡಲ್ ತಡೆದುಕೊಳ್ಳಲಾಗದೆ ಪೆಟ್ರೋಲ್ ಉಕ್ಕಿ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬಂತು. ಹೊಸದು ಅಂದ ಮಾತ್ರಕ್ಕೆ ಅಳತೆ ಸರಿ ಇದೆ ಅಂತ ಅಲ್ಲ.

ಆಯಿಲ್ ಕಡ್ಡಿ ಮೂಸಿ ನೋಡಿ

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಡಯಾಫ್ರಮ್ ಹರಿದರೆ ಪೆಟ್ರೋಲ್ ಎರಡು ಕಡೆ ಹೋಗಬಹುದು. ಪಂಪಿನ ಮೈಯಲ್ಲಿರುವ ಸಣ್ಣ ತೂತಿನಿಂದ ಹೊರಗೆ ಸೋರಬಹುದು. ಅದು ಕಾಣುತ್ತದೆ, ಆ ತೂತು ಇರುವುದೇ ಎಚ್ಚರಿಸಲು. ಕೆಲವರು ಸೋರುತ್ತದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ದಾರಿ ಮುಚ್ಚಿದರೆ ಪೆಟ್ರೋಲ್ ತೋಳಿನ ಪಕ್ಕದಿಂದ ಎಂಜಿನ್ ಒಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಆಯಿಲ್ ನೀರಿನ ಹಾಗೆ ತೆಳ್ಳಗಾಗುತ್ತದೆ. ಬೇರಿಂಗ್ ಉಜ್ಜುತ್ತದೆ. ಕ್ರ್ಯಾಂಕ್ ಕೇಸಿನಲ್ಲಿ ಪೆಟ್ರೋಲ್ ಆವಿ ತುಂಬುವುದು ಬೆಂಕಿಗೂ ದಾರಿ.

ಆದ್ದರಿಂದ ಪಂಪಿನ ಮೇಲೆ ಅನುಮಾನ ಬಂದ ದಿನ ಎಂಜಿನ್ ಓಡಿಸುವ ಮುಂಚೆ ಆಯಿಲ್ ಕಡ್ಡಿ ಎಳೆಯಿರಿ. ಮಟ್ಟ ಕಳೆದ ವಾರಕ್ಕಿಂತ ಮೇಲೆ ಬಂದಿದೆಯಾ? ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಎರಡು ಬೆರಳ ನಡುವೆ ಉಜ್ಜಿ ನೋಡಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಪಂಪು ರಿಪೇರಿ ಮಾಡಿ, ಆಯಿಲ್ ಪೂರ್ತಿ ಇಳಿಸಿ, ಹೊಸ ಆಯಿಲ್ ಹಾಕಿದ ಮೇಲೆಯೇ ಸ್ಟಾರ್ಟ್ ಮಾಡಿ. "ತೋಟದ ಗೇಟಿನವರೆಗೆ ತಾನೇ" ಅನ್ನಬೇಡಿ.

ಕೆಲವು ಜೀಪಿನಲ್ಲಿ ಇದೇ ಪಂಪಿಗೆ ಇನ್ನೊಂದು ಅಂತಸ್ತು ಇರುತ್ತದೆ. ಅದು ವೈಪರಿಗೆ. ಹಳೆಯ ವೈಪರು ಎಂಜಿನ್ನಿನ ಎಳೆತದಿಂದ ಆಡುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆ ಎಳೆತ ಬಿದ್ದುಹೋಗುತ್ತದೆ, ವೈಪರು ನಿಲ್ಲುತ್ತದೆ. ಚಾರ್ಮಾಡಿಯ ಜುಲೈ ಮಳೆಯಲ್ಲಿ ಹಾಗಾದರೆ ಹೇಗಿರುತ್ತದೆ ಹೇಳಿ. ಅದಕ್ಕೆ ನೆರವಾಗಲು ಆ ಎರಡನೇ ಡಯಾಫ್ರಮ್. ಅದು ಹರಿದರೆ ಎಂಜಿನ್ ಆಯಿಲನ್ನೇ ಎಳೆದು ಸುಡುತ್ತದೆ, ನೀಲಿ ಹೊಗೆ ಬರುತ್ತದೆ. ಪಿಸ್ಟನ್ ರಿಂಗ್ ಹೋಗಿದೆ ಅಂತ ಎಂಜಿನ್ ಬಿಚ್ಚುವ ಮುಂಚೆ ವೈಪರ್ ಪೈಪನ್ನು ಬಿಚ್ಚಿ, ಎಂಜಿನ್ ಕಡೆಯ ಬಾಯಿ ಮುಚ್ಚಿ ಓಡಿಸಿ ನೋಡಿ. ಹೊಗೆ ನಿಂತರೆ ದೊಡ್ಡ ಖರ್ಚು ಉಳಿಯಿತು.

ಬಿಸಿಯಲ್ಲಿ ಮಾತ್ರ ನಿಂತರೆ

ತಣ್ಣಗಿದ್ದಾಗ ಬಟ್ಟಲಿನಲ್ಲಿ ಗುಳ್ಳೆ ಇಲ್ಲ, ಬಿಸಿಯಾದ ಮೇಲೆ ಮಾತ್ರ ಏಳುತ್ತದೆ ಅಂದರೆ ಅದು ಗಾಳಿ ಅಲ್ಲ, ಪೆಟ್ರೋಲೇ ಆವಿಯಾಗುತ್ತಿದೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದೂ ಎಡಗಡೆಯೇ, ಪಂಪಿನ ಕಡೆಯೇ. ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆ ಇರುವುದರಿಂದ ಪೆಟ್ರೋಲ್ ಬೇಗ ಕುದಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಇನ್ನೂ ಬೇಗ. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಅಲ್ಲಿಗೆ ಲೋ ಗೇರಿನಲ್ಲಿ ಹತ್ತುವಾಗ ಎಂಜಿನ್ ದುಡಿಯುತ್ತದೆ, ಮುಂದಿನಿಂದ ಗಾಳಿ ಬರುವುದಿಲ್ಲ.

ದಾರಿಯಲ್ಲಿ ಹಾಗಾದರೆ ಬಾನೆಟ್ ಎತ್ತಿ. ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಪಂಪಿನ ಮೇಲೂ ಪೈಪಿನ ಮೇಲೂ ಸುತ್ತಿ. ನೀರನ್ನು ಎರಚಬೇಡಿ, ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಸೀಳುತ್ತದೆ. ಐದು ನಿಮಿಷ ಬಿಟ್ಟು ಕೈ ಲಿವರ್ ಒತ್ತಿ, ಬಿಗಿ ಸಿಗುವವರೆಗೆ. ಮನೆಗೆ ಬಂದ ಮೇಲೆ ಪೈಪನ್ನು ಮ್ಯಾನಿಫೋಲ್ಡ್‌ನಿಂದ ದೂರ ತಿರುಗಿಸಿ, ನಡುವೆ ತಗಡಿನ ಮರೆ ಕೊಡಿ. ನಮ್ಮ ಜೀಪಿಗೆ ಬಿಸ್ಕತ್ ಡಬ್ಬಿಯ ತಗಡು ಕತ್ತರಿಸಿ ಹಾಕಿದ್ದೇವೆ. ಪಂಪಿಗೂ ತಗಡಿಗೂ ಒಂದು ಬೆರಳು ಅಂತರ ಇರಬೇಕು, ಗಾಳಿ ಆಡಲು.

ಬಿಚ್ಚಿ ಜೋಡಿಸುವುದು

ಪಂಪೇ ದೋಷಿ ಅಂತ ಖಾತ್ರಿ ಆದ ಮೇಲೆ ಬಿಚ್ಚಿ. ಮೊದಲು ಅರದಿಂದ ಮೇಲಿನ ಭಾಗ, ಕೆಳಗಿನ ಭಾಗ ಎರಡಕ್ಕೂ ಸೇರಿ ಒಂದು ಗೀರು ಹಾಕಿ. ಇಲ್ಲದಿದ್ದರೆ ಜೋಡಿಸುವಾಗ ಪೈಪಿನ ಬಾಯಿ ಬೇರೆ ಕಡೆ ತಿರುಗಿ ಕೂರುತ್ತದೆ. ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ಬಿಚ್ಚಿ, ಸಣ್ಣ ಸ್ಪ್ರಿಂಗು ಉರುಳಿದರೂ ಸಿಗುತ್ತದೆ. ವಾಲ್ವ್ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ತೆಗೆಯುವ ಮುಂಚೆ ಫೋಟೋ ಹೊಡೆದುಕೊಳ್ಳಿ.

ಡಯಾಫ್ರಮ್ಮನ್ನು ಬಿಸಿಲಿಗೆ ಹಿಡಿಯಿರಿ. ನಮ್ಮ ಹಳೆಯ ಪಂಪಿನದು ಬರಿಗಣ್ಣಿಗೆ ಹರಿದಂತೆ ಕಾಣುತ್ತಿರಲಿಲ್ಲ. ಬಿಸಿಲಿಗೆ ಹಿಡಿದು ಮೆಲ್ಲಗೆ ಹಿಗ್ಗಿಸಿದಾಗ ನಡುವಿನ ವಾಷರಿನ ಅಂಚಿನ ಸುತ್ತ ಅರ್ಧ ಚಂದ್ರದ ಹಾಗೆ ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಂಡವು. ಸಾವಿರಾರು ಸಲ ಬಗ್ಗುವ ಜಾಗ ಅದೇ. ಹಾಗಾಗಿ ನಡುವನ್ನು ಮಾತ್ರ ನೋಡಬೇಡಿ, ಆ ಅಂಚನ್ನು ನೋಡಿ. ಹೊಸದು ಬಟ್ಟೆ ಪದರದ್ದಾದರೆ ಶುದ್ಧ ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ ಮೆತ್ತಗೆ ಮಾಡಿಕೊಳ್ಳಿ. ಸ್ಪ್ರಿಂಗನ್ನು ಎಳೆದು ಉದ್ದ ಮಾಡುವ ಕೆಲಸ ಬೇಡ.

ಜೋಡಿಸುವಾಗ ಒಂದು ಗುಟ್ಟು ಇದೆ, ಇದನ್ನು ಮೇಸ್ತ್ರಿ ನನಗೆ ಕೈ ಹಿಡಿದು ಕಲಿಸಿದರು. ಸ್ಕ್ರೂಗಳನ್ನೆಲ್ಲ ಬೆರಳಿನಲ್ಲಿ ಹಾಕಿ, ಸಡಿಲವಾಗಿಯೇ ಬಿಡಿ. ಪಂಪಿನ ತೋಳನ್ನು ಪೂರ್ತಿ ಒತ್ತಿ ಹಿಡಿಯಿರಿ. ಡಯಾಫ್ರಮ್ ಕೆಳಗೆ ಜಗ್ಗಿ ತನಗೆ ಬೇಕಾದಷ್ಟು ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡೇ ಎದುರು ಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ತೋಳು ಒತ್ತದೆ ಚಪ್ಪಟೆಯಾಗಿಟ್ಟು ಬಿಗಿದರೆ ಡಯಾಫ್ರಮ್ ಪೂರ್ತಿ ಆಡಲು ಬಟ್ಟೆ ಸಾಲುವುದಿಲ್ಲ. ಪಂಪು ಸೋಲುತ್ತದೆ, ಇಲ್ಲವೇ ತಿಂಗಳೊಳಗೆ ಅಂಚು ಹರಿಯುತ್ತದೆ. ಇಬ್ಬರಿದ್ದರೆ ಸುಲಭ. ನಮ್ಮ ಮನೆಯಲ್ಲಿ ತೋಳು ಒತ್ತುವುದು ನನ್ನ ಮಗನ ಕೆಲಸ.

ಎಂಜಿನ್ನಿಗೆ ಕೂರಿಸುವಾಗ ಕ್ಯಾಮಿನ ಉಬ್ಬು ಪಂಪಿನ ಕಡೆ ಬೇಡ, ಅದರ ಎದುರು ಬದಿಗೆ ಇರಲಿ. ಕೈಯಲ್ಲಿ ಪಂಪನ್ನು ಬ್ಲಾಕಿಗೆ ಒತ್ತಿದಾಗ ಸ್ವಲ್ಪ ಸ್ಪ್ರಿಂಗಿನ ಬಿಗಿ ಸಿಕ್ಕಿ ನೀಟಾಗಿ ಕೂರಬೇಕು. ಕಾಲು ಇಂಚು ಎತ್ತಿ ನಿಂತು ಗಟ್ಟಿಯಾಗಿ ತಡೆದರೆ ತೋಳು ತಪ್ಪು ಜಾಗಕ್ಕೆ ಸಿಕ್ಕಿದೆ. ಬೋಲ್ಟಿನಲ್ಲಿ ಎಳೆದು ಕೂರಿಸಲು ಹೋದರೆ ಪಂಪಿನ ಮೈ ಒಡೆಯುತ್ತದೆ. ಬ್ಲಾಕಿನ ಪ್ಯಾಕಿಂಗ್ ಹಳೆಯದಷ್ಟೇ ದಪ್ಪ ಇರಲಿ. ಎರಡು ಮೂರು ಪ್ಯಾಕಿಂಗ್ ಸೇರಿಸಿದರೆ ತೋಳು ಕ್ಯಾಮಿನಿಂದ ದೂರವಾಗಿ ಹೊಡೆತ ಕಡಿಮೆಯಾಗುತ್ತದೆ. ಪೈಪಿನ ನಟ್ಟುಗಳನ್ನು ಮೊದಲು ಬೆರಳಿನಲ್ಲೇ ಮೂರು ಸುತ್ತು ತಿರುಗಿಸಿ, ಆಮೇಲೆ ಪಾನ ಹಾಕಿ. ಪಂಪಿನ ಕಡೆಯ ಬೆಂಡನ್ನು ಇನ್ನೊಂದು ಪಾನದಲ್ಲಿ ಹಿಡಿದುಕೊಳ್ಳಿ.

ಈಗಿನ ಪೆಟ್ರೋಲ್, ನಮ್ಮ ಮಳೆ

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ನಮ್ಮ ಜೀಪು ಹುಟ್ಟಿದಾಗ ಇದನ್ನು ಯಾರೂ ಯೋಚಿಸಿರಲಿಲ್ಲ. ಹಳೆಯ ರಬ್ಬರ್, ಹಳೆಯ ಬಟ್ಟೆ ಡಯಾಫ್ರಮ್ ಇದರಲ್ಲಿ ಉಬ್ಬುತ್ತದೆ ಅಥವಾ ಗಡುಸಾಗಿ ಬಿರಿಯುತ್ತದೆ. ಡಯಾಫ್ರಮ್, ಹೋಸ್ ಕೊಳ್ಳುವಾಗ ಎಥೆನಾಲ್ ತಡೆಯುತ್ತದಾ ಅಂತ ಕೇಳಿಯೇ ಕೊಳ್ಳಿ. ವಿಟಾನ್ ರಬ್ಬರಿನದು ಸಿಕ್ಕಿದರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದೇ ಇರಲಿ. ನೀರಿನ ನಲ್ಲಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಮಾತ್ರ ಬೇಡವೇ ಬೇಡ.

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕ್ ಒಣಗುತ್ತದಾ? ಮಳೆಗಾಲದಲ್ಲಿ ಜೀಪು ನಿಲ್ಲಿಸುವುದಾದರೆ ಟ್ಯಾಂಕ್, ಬಟ್ಟಲು, ಕಾರ್ಬರೇಟರ್ ಮೂರನ್ನೂ ಖಾಲಿ ಮಾಡಿ ನಿಲ್ಲಿಸಿ. ಓಡಿಸುವುದಾದರೆ ವಾರಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ತಿಂಗಳಿಗೊಮ್ಮೆ ಬಟ್ಟಲು ತೆಗೆದು ತಳ ನೋಡಿ.

ಎಲೆಕ್ಟ್ರಿಕ್ ಪಂಪು ಹಾಕಿಸಿ, ತಲೆನೋವೇ ಇಲ್ಲ ಅನ್ನುವವರಿದ್ದಾರೆ. ನಾನು ಹಾಕಿಸಿಲ್ಲ. ಈಗಿನ ಇಂಜೆಕ್ಷನ್ ಗಾಡಿಯ ಪಂಪು ಈ ಕಾರ್ಬರೇಟರ್ ತಡೆಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಒತ್ತಡ ಕೊಡುತ್ತದೆ. ಕಡಿಮೆ ಒತ್ತಡದ್ದು ಸಿಗುತ್ತದೆ, ಆದರೆ ಗಾಡಿ ಮಗುಚಿ ಎಂಜಿನ್ ನಿಂತರೂ ಇಗ್ನಿಷನ್ ಆನ್ ಇದ್ದರೆ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಾಕಿಸಲೇಬೇಕು ಅಂದರೆ ಎಂಜಿನ್ ಆಯಿಲ್ ಪ್ರೆಷರ್ ಬಿದ್ದ ಕೂಡಲೇ ಪಂಪು ಬಂದ್ ಆಗುವ ಸ್ವಿಚ್ ಸೇರಿಸಿ ಹಾಕಿಸಿ. ಎಂಜಿನ್ ನಿಂತರೆ ತಾನೂ ನಿಲ್ಲುವ ಹಳೆಯ ಪಂಪೇ ಘಾಟಿಯ ರಸ್ತೆಗೆ ನನಗೆ ಧೈರ್ಯ.

ನನ್ನ ಸೀಟಿನ ಕೆಳಗಿನ ಡಬ್ಬಿಯಲ್ಲಿ ಇರುವುದು ಇಷ್ಟು: ಅರ್ಧ ಮೀಟರ್ ಪೆಟ್ರೋಲ್ ಹೋಸ್, ನಾಲ್ಕು ಕ್ಲಿಪ್ಪು, ಬಟ್ಟಲಿನ ಪ್ಯಾಕಿಂಗ್ ಎರಡು, ಒಂದು ಡಯಾಫ್ರಮ್, ಹೊಸ ಕಂಡೆನ್ಸರ್, ಹತ್ತಿ ಬಟ್ಟೆ, ಟಾರ್ಚ್, ಒಂದು ಬಾಟಲಿ ನೀರು. ಈಗ ಎಂಜಿನ್ನಿನ ಮೇಲೆ ಇರುವುದು ಅಪ್ಪಯ್ಯನ ಕಾಲದ ಅದೇ ಹಳೆಯ ಪಂಪು, ಹೊಸ ಡಯಾಫ್ರಮ್ ಹಾಕಿದ್ದು. ತರಿಸಿದ ಎರಡರಲ್ಲಿ ಮೊದಲನೆಯದು ಚೆನ್ನಾಗೇ ಇದೆ, ಆಯಿಲ್ ಹಚ್ಚಿ ಕಪಾಟಿನಲ್ಲಿ ಇಟ್ಟಿದ್ದೇನೆ. ಕಳೆದ ಮಾರ್ಚ್‌ನಲ್ಲಿ ಅದೇ ಟ್ರೈಲರ್, ಅದೇ ಪೈಪು, ಅದೇ ಏರು. ಎರಡನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿತು.